ಗೊಂಬೆಗೊಂದು ಕೌದಿ: ಉಳಿದ ಬಟ್ಟೆ ತುಂಡುಗಳಿಂದ ಕೈಯಲ್ಲೇ ಹೊಲಿಯೋಣ

ನನ್ನ ಮಗಳು "ಗೊಂಬಿಗಿ ಚಳಿ ಆಗ್ಲತ್ತದ" ಅಂತ ಹೇಳಿದ್ದು ಮೇ ತಿಂಗಳಲ್ಲಿ. ಕಲಬುರಗಿಯ ಮೇ ಅಂದ್ರೆ ಗೊತ್ತಲ್ಲ, ಮಧ್ಯಾಹ್ನ 40 ಡಿಗ್ರಿ ದಾಟಿರುತ್ತದೆ. ಆದರೆ ಕೌದಿ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ಹೊಲಿಯೋಕೆ ಅದೇ ಸರಿಯಾದ ಕಾಲ. ಹೊಲದ ಕೆಲಸ ಮುಗಿದಿರುತ್ತದೆ, ಬಿಸಿಲಿಗೆ ತೊಳೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿ ಒಣಗುತ್ತದೆ, ಹೊರಗೆ ಹೋಗೋಕಂತೂ ಆಗಲ್ಲ. ನಮ್ಮ ಆಯಿ, ಅಂದರೆ ಅವ್ವನ ಅವ್ವ, ಸೇಡಂ ಕಡೆಯ ಹಳ್ಳಿಯಲ್ಲಿ ಪಡಸಾಲೆಯ ನೆರಳಿಗೆ ಕೂತು ಎಲ್ಲ ಕೌದಿಗಳನ್ನೂ ಬೇಸಿಗೆಯಲ್ಲೇ ಹೊಲಿದವರು. ಅವರು ಮಾಡುತ್ತಿದ್ದ ಹಾಗೆಯೇ ಗೊಂಬೆಗೂ ಒಂದು ಕೌದಿ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮಶೀನಿನಲ್ಲಿ ಚೌಕ ಚೌಕ ತುಂಡು ಜೋಡಿಸಿ ಹೊಲಿಯುವ ವಿಧಾನವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ನನ್ನ ಮನಸ್ಸು ಕೈಹೊಲಿಗೆಯ ಕೌದಿಯ ಕಡೆಗೇ ಇದೆ. ಕಾರಣ ಸರಳ. ಮನೆಯಲ್ಲಿ ಉಳಿದ ತುಂಡುಗಳು ಒಂದೇ ಅಳತೆಯಲ್ಲಿ ಇರುವುದೇ ಇಲ್ಲ. ಜಂಪರ್, ಅಂದರೆ ರವಿಕೆ, ಕತ್ತರಿಸಿ ಉಳಿದದ್ದು ಒಂದು ಕಡೆ ಸೊಟ್ಟ, ಪ್ಯಾಂಟಿನ ತುಂಡು ಉದ್ದ, ಲಂಗದ್ದು ಮೂರು ಮೂಲೆ. ಚೌಕ ಮಾಡಲು ಹೋದರೆ ಅರ್ಧ ಬಟ್ಟೆ ಮತ್ತೆ ಚಿಂದಿಯಾಗುತ್ತದೆ. ಕೌದಿಯಲ್ಲಿ ಹಾಗಿಲ್ಲ. ತುಂಡು ಹೇಗಿದೆಯೋ ಹಾಗೆ ಇಟ್ಟು, ಅಂಚು ಮಡಚಿ, ಕೆಳಗಿನ ಪದರಗಳನ್ನೂ ಸೇರಿಸಿ ಒಂದೇ ಸಲಕ್ಕೆ ಹೊಲಿಯುತ್ತೇವೆ. ಜೋಡಣೆ, ತುಂಬುವುದು, ಅಂಚು ಕಟ್ಟುವುದು ಎಲ್ಲ ಒಟ್ಟಿಗೇ ಆಗುತ್ತದೆ.

ಇನ್ನೊಂದು ಮಾತು. ದೊಡ್ಡ ಕೌದಿ ಕಲಿಯಬೇಕು ಅಂತ ಆಸೆ ಇರುವವರು ಬಹಳ ಜನ ಇದ್ದಾರೆ, ಆದರೆ ಆರಡಿ ಉದ್ದದ ಕೌದಿ ಹಿಡಿದು ಕೂತರೆ ಹದಿನೈದು ದಿನಕ್ಕೆ ಬೇಜಾರಾಗಿ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಗೊಂಬೆ ಕೌದಿಯಲ್ಲಿ ದೊಡ್ಡ ಕೌದಿಯ ಪ್ರತಿಯೊಂದು ಕೆಲಸವೂ ಇದೆ, ಅಳತೆ ಮಾತ್ರ ಸಣ್ಣದು. ದಿನಾ ಸಂಜೆ ಒಂದೊಂದು ಗಂಟೆ ಕೂತರೆ ನನಗೆ ಆರು ಸಂಜೆ ಸಾಕಾಯಿತು.

ಯಾವ ಬಟ್ಟೆ ಬೇಕು, ಯಾವುದು ಬೇಡ

ಹಳೆಯ ಹತ್ತಿ ಬಟ್ಟೆಗೆ ಸಮ ಯಾವುದೂ ಇಲ್ಲ. ಹತ್ತಾರು ಸಲ ಒಗೆದ ಧೋತರ, ಇಳಕಲ್ ಸೀರೆಯ ಒಡಲು, ಮುತ್ಯಾನ (ಅಜ್ಜನ) ಹಳೆ ಅಂಗಿ, ಮಗುವಿನ ಫ್ರಾಕ್ ಇವೆಲ್ಲ ಮೆತ್ತಗಿರುತ್ತವೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಇಳಕಲ್ ಸೀರೆಯಲ್ಲಿ ಒಂದು ವಿಷಯ ನೋಡಿಕೊಳ್ಳಿ. ಅದರ ಒಡಲು ಹತ್ತಿ ಇದ್ದರೂ ಸೆರಗು ರೇಷ್ಮೆಯದ್ದೋ ಕೃತಕ ರೇಷ್ಮೆಯಾದ ಆರ್ಟ್ ಸಿಲ್ಕ್‌ನದ್ದೋ ಇರುತ್ತದೆ, ಒಡಲಿಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಒಗೆದಾಗ ಎರಡೂ ಒಂದೇ ಥರ ಕುಗ್ಗುವುದಿಲ್ಲ. ಗೊಂಬೆ ಕೌದಿಗೆ ಒಡಲಿನ ಬಟ್ಟೆ ತಗೊಳ್ಳಿ, ಸೆರಗನ್ನು ಬೇರೆ ಕೆಲಸಕ್ಕೆ ಇಡಿ.

ಗುಳೇದಗುಡ್ಡದ ಖಣದ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆಯ, ತುಂಡು ಇದ್ದರೆ ಖಂಡಿತ ಹಾಕಿ, ಕೌದಿಗೆ ಒಂದು ಕಳೆ ಬರುತ್ತದೆ. ಆದರೆ ಖಣದ ಎಳೆ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಬೇರೆ ಬಟ್ಟೆಗೆ ಕಾಲು ಇಂಚು ಮಡಚಿದರೆ ಖಣಕ್ಕೆ ಅರ್ಧ ಇಂಚು ಮಡಚಬೇಕು.

ಶಾಲೆ ಯೂನಿಫಾರ್ಮಿನ ತುಂಡುಗಳು ಜೂನ್ ತಿಂಗಳಲ್ಲಿ ದರ್ಜಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತವೆ. ಅದರಲ್ಲಿ ಪಾಲಿಯೆಸ್ಟರ್ ಜಾಸ್ತಿ. ಹತ್ತಿಯೋ ಪಾಲಿಯೆಸ್ಟರೋ ಅಂತ ಗೊತ್ತಾಗದಿದ್ದರೆ ಎರಡು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಿನ ಹಾಗೆ ಮುದ್ದೆಯಾಗುತ್ತದೆ. ಒಂದೆರಡು ಪಾಲಿಯೆಸ್ಟರ್ ತುಂಡು ಸೇರಿದರೆ ಏನೂ ಆಗುವುದಿಲ್ಲ, ಆದರೆ ಇಸ್ತ್ರಿ ಮಾಡುವಾಗ ಅದನ್ನು ನೆನಪಿಡಬೇಕು. ಜೀನ್ಸ್, ಬೆಡ್‌ಶೀಟಿನ ದಪ್ಪ ಬಟ್ಟೆ, ಜಾರುವ ಸಾಟಿನ್ ಮೂರೂ ಮೊದಲ ಕೌದಿಗೆ ಬೇಡ. ತುಂಡು ಸಾಲದಿದ್ದರೆ ನಿಮ್ಮ ಜಂಪರ್ ಹೊಲಿಯುವ ಅಕ್ಕನನ್ನೇ ಕೇಳಿ, ಒಂದು ಚೀಲ ತುಂಬಿಸಿ ಕೊಡುತ್ತಾರೆ. ಹೊಸ ಬಟ್ಟೆ ಕೊಂಡು ಅದನ್ನು ತುಂಡು ಮಾಡಬೇಡಿ. ಅಂಗಡಿಯ ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಬಿರುಸಾಗಿರುತ್ತದೆ, ಆ ಬಟ್ಟೆಯಲ್ಲಿ ನಿಮ್ಮ ಮನೆಯ ಯಾರ ನೆನಪೂ ಇರುವುದಿಲ್ಲ.

ಮೊದಲು ತೊಳೆಯಿರಿ

ಇದನ್ನು ದಯವಿಟ್ಟು ಬಿಡಬೇಡಿ. ಆಯಿ ಯಾವಾಗಲೂ ಹೇಳುತ್ತಿದ್ದದ್ದು ಒಂದೇ: "ಮೊದಲ ಅರಿವಿ ತೊಳಿ, ಆಮ್ಯಾಲ ಕತ್ತರಿ ಹಿಡಿ." ನಾನು ಮೊದಲನೇ ಸಲ ಹೊಲಿದಾಗ ಒಂದು ಕೆಂಪು ಅಸ್ತರಿನ ತುಂಡನ್ನು ತೊಳೆಯದೆ ಸೇರಿಸಿದ್ದೆ. ಕೌದಿ ಮುಗಿದ ಮೇಲೆ ಒಗೆದರೆ ಸುತ್ತಲಿನ ಬಿಳಿ ಧೋತರದ ತುಂಡುಗಳೆಲ್ಲ ಗುಲಾಬಿ ಕಲೆ ಹಿಡಿದವು. ಐದು ದಿನದ ಕೆಲಸ ಹಾಗೆ ಹಾಳಾದದ್ದು ನೋಡಿ ಅಳು ಬಂತು.

ಕೆಂಪು, ಕಡುನೀಲಿ, ಕಪ್ಪು, ನೇರಳೆ ಈ ಬಣ್ಣಗಳನ್ನು ಬೇರೆ ಬೇರೆ ನೆನೆಸಿ. ನೀರು ಬಣ್ಣ ಬಿಡದೆ ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ ಒದ್ದೆ ತುಂಡನ್ನು ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ತುಂಡು ಎಷ್ಟೇ ಚೆಂದ ಇರಲಿ, ಪಕ್ಕಕ್ಕಿಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಬಹಳ ಜನ ಹೇಳುತ್ತಾರೆ, ಅದನ್ನು ನೆಚ್ಚಿಕೊಳ್ಳಬೇಡಿ. ಅಂಗಡಿಯಿಂದ ಬಂದ ಬಟ್ಟೆಯ ಬಣ್ಣ ಉಪ್ಪಿನಿಂದ ಗಟ್ಟಿಯಾಗುವುದಿಲ್ಲ. ತೊಳೆಯುವುದರಿಂದ ಇನ್ನೊಂದು ಲಾಭ ಇದೆ. ಹತ್ತಿ ಬಟ್ಟೆ ಕುಗ್ಗುವುದಿದ್ದರೆ ಈಗಲೇ ಕುಗ್ಗುತ್ತದೆ, ಕೌದಿಯೊಳಗೆ ಸೇರಿದ ಮೇಲೆ ಅಲ್ಲ. ಒಣಗಿದ ಮೇಲೆ ಎಲ್ಲಕ್ಕೂ ಒಂದು ಇಸ್ತ್ರಿ.

ಅಳತೆ ಮತ್ತು ಸಾಮಾನು

ಗೊಂಬೆಯ ಉದ್ದ ಅಳೆಯಿರಿ. ಗೊಂಬೆ ಎಷ್ಟು ಉದ್ದವೋ ಕೌದಿ ಅಷ್ಟು ಅಗಲ, ಅದಕ್ಕಿಂತ 3 ಇಂಚು ಜಾಸ್ತಿ ಉದ್ದ. ನಮ್ಮದು 12 ಇಂಚಿನ ಗೊಂಬೆ, ಹಾಗಾಗಿ ಕೌದಿ 12 ಇಂಚು ಅಗಲ, 15 ಇಂಚು ಉದ್ದ. ಮುಂದಿನ ಲೆಕ್ಕವೆಲ್ಲ ಇದೇ ಅಳತೆಗೆ.

ಕೆಳಗಿನ ಪದರಕ್ಕೆ 13ಕ್ಕೆ 16 ಇಂಚಿನ ಒಂದೇ ಬಟ್ಟೆ ಬೇಕು. ಇದು ಗೊಂಬೆಯ ಮೈಗೆ ತಾಗುವ ಕಡೆ, ಮೆತ್ತಗಿರಲಿ. ಒಳಗೆ ಹಾಕಲು 12ಕ್ಕೆ 15 ಇಂಚಿನ ಧೋತರದ ತುಂಡು ಒಂದು ಅಥವಾ ಎರಡು. ಎರಡಕ್ಕಿಂತ ಹೆಚ್ಚು ಹಾಕಿದರೆ ಸಣ್ಣ ಕೌದಿ ರಟ್ಟಿನ ಹಾಗೆ ನಿಲ್ಲುತ್ತದೆ, ಗೊಂಬೆಯ ಮೇಲೆ ಮಡಚಿಕೊಂಡು ಬೀಳುವುದಿಲ್ಲ. ಮೇಲೆ ಹಾಕಲು ಮೂರೂಕಾಲು ಇಂಚು ಅಗಲದ ಸುಮಾರು 24 ತುಂಡುಗಳು. ಉದ್ದ ಮೂರರಿಂದ ಐದು ಇಂಚಿನ ಒಳಗೆ ಎಷ್ಟಾದರೂ ಇರಲಿ.

ದಾರ ಗಟ್ಟಿ ಹತ್ತಿಯದ್ದು ಇರಲಿ. ಎರಡೆಳೆ ಮಾಡಿ ಹೊಲಿಯಬೇಕು. ಹೊಲಿಗೆ ಎದ್ದು ಕಾಣಬೇಕು ಅಂದ್ರೆ ಕಸೂತಿಯ ಆರೆಳೆ ದಾರ ತಂದು ಅದರಲ್ಲಿ ಎರಡು ಅಥವಾ ಮೂರು ಎಳೆ ಬಿಡಿಸಿಕೊಳ್ಳಿ. ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಕಡೆ ಬಟನ್, ಲೇಸ್ ಮಾರುವ ಅಂಗಡಿಗಳಲ್ಲಿ ಎಲ್ಲ ಬಣ್ಣ ಸಿಗುತ್ತವೆ. ಕಣ್ಣು ಸ್ವಲ್ಪ ದೊಡ್ಡದಿರುವ ಗಟ್ಟಿ ಸೂಜಿ, ಟಾಚಣಿ (ಗುಂಡುಪಿನ್ನು), ಕತ್ತರಿ, ಟೇಪು, ಸೀಮೆಸುಣ್ಣ. ನಾಲ್ಕು ಪದರ ಚುಚ್ಚಿ ಚುಚ್ಚಿ ಬೆರಳು ನೋಯುತ್ತದೆ, ನಡುಬೆರಳಿಗೆ ಅಂಗುಸ್ತಾನ ಹಾಕಿಕೊಳ್ಳಿ. ದಾರ ಮೊಳಕ್ಕಿಂತ ಉದ್ದ ಬೇಡ, ಉದ್ದವಾದಷ್ಟೂ ಗಂಟು ಬೀಳುತ್ತದೆ. ಮೇಣದಬತ್ತಿಯ ಮೇಲೆ ಒಂದು ಸಲ ಎಳೆದುಕೊಂಡರೆ ಇನ್ನೂ ಒಳ್ಳೆಯದು.

ತಳ ಸಿದ್ಧ ಮಾಡುವುದು

ಕೆಳಗಿನ ಬಟ್ಟೆಯನ್ನು ಉಲ್ಟಾ ಹಾಸಿ. ಅದರ ನಟ್ಟನಡುವೆ ಧೋತರದ ತುಂಡು ಇಡಿ, ಸುತ್ತಲೂ ಅರ್ಧರ್ಧ ಇಂಚು ಉಳಿಯುತ್ತದೆ. ಆ ಅರ್ಧ ಇಂಚನ್ನು ಧೋತರದ ಮೇಲಕ್ಕೆ ಮಡಚಿ ಇಸ್ತ್ರಿ ಒತ್ತಿ. ಮೂಲೆಗಳಲ್ಲಿ ಮೊದಲು ಮೂಲೆಯ ತುದಿ ಒಳಗೆ ಮಡಚಿ, ಆಮೇಲೆ ಎರಡು ಬದಿ ಮಡಚಿದರೆ ಚೂಪಾಗಿ ಬರುತ್ತದೆ. ಸುತ್ತಲೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ನಡುವೆಯೂ ಅಡ್ಡ ಒಂದು, ಉದ್ದ ಒಂದು. ಇದನ್ನು ಕೊನೆಗೆ ಕೀಳುವುದರಿಂದ ಬೇರೆ ಬಣ್ಣದ ದಾರದಲ್ಲಿ ಹಾಕಿ. ಇದನ್ನು ಅವಸರದಲ್ಲಿ ಮಾಡಿದರೆ ಒಳಗಿನ ಬಟ್ಟೆ ಸರಿದು ಕೌದಿ ಒಂದು ಕಡೆ ಗುಬ್ಬಾಗುತ್ತದೆ.

ತುಂಡು ಇಡುತ್ತಾ ಹೊಲಿಯುವುದು

ಇಲ್ಲಿಂದ ನಿಜವಾದ ಕೌದಿ ಕೆಲಸ. ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರಬೇಕು. ನಡುವಿನಿಂದ ಶುರು ಮಾಡಿದರೆ ಅಂಚಿಗೆ ಬರುವಷ್ಟರಲ್ಲಿ ಅಳತೆ ತಪ್ಪಿರುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿಯಲ್ಲೂ ಹೀಗೆ ಮೂಲೆಯಿಂದಲೇ ಶುರು. ಗಡಿಯಾಚೆ ಸೊಲ್ಲಾಪುರದ ಕಡೆಗೆ ಹೋದರೆ ಕೌದಿಯನ್ನು ಗೋಧಡಿ ಅನ್ನುತ್ತಾರೆ.

ಬಲಗೈಯಲ್ಲಿ ಹೊಲಿಯುವವರು ತಳವನ್ನು ಮುಂದೆ ಇಟ್ಟುಕೊಂಡು, ತಮ್ಮ ಹತ್ತಿರದ ಬಲಮೂಲೆಯಿಂದ ಶುರು ಮಾಡಿ. ಮೊದಲ ತುಂಡಿನ ಎರಡು ಹೊರ ಅಂಚುಗಳನ್ನು, ಅಂದರೆ ಕೆಳಗಿನದ್ದು ಮತ್ತು ಬಲಗಡೆಯದ್ದು, ಕಾಲು ಇಂಚು ಒಳಗೆ ಮಡಚಿ, ತಳದ ಮೂಲೆಗೆ ಸರಿಯಾಗಿ ಕೂರಿಸಿ. ಉಳಿದ ಎರಡು ಬದಿ ಹಾಗೇ ಇರಲಿ, ಮಡಚಬೇಡಿ. ಎರಡನೇ ತುಂಡು ಅದರ ಎಡಕ್ಕೆ ಬರುತ್ತದೆ. ಅದರ ಕೆಳ ಅಂಚು ಮಡಚಿ, ಬಲ ಅಂಚನ್ನೂ ಮಡಚಿ, ಮೊದಲ ತುಂಡಿನ ಮಡಚದ ಬದಿಯನ್ನು ಅರ್ಧ ಇಂಚು ಮುಚ್ಚುವ ಹಾಗೆ ಇಡಿ. ಮೂರನೆಯದು ಎರಡನೆಯದರ ಮೇಲೆ, ಹೀಗೆ ಸಾಗುತ್ತದೆ. ಮನೆಯ ಮೇಲೆ ಹಂಚು ಹೊದಿಸಿದ ಹಾಗೆ ಒಂದರ ಅಂಚನ್ನು ಇನ್ನೊಂದು ಮುಚ್ಚುತ್ತಾ ಹೋಗಬೇಕು.

ಮೂರು ನಾಲ್ಕು ತುಂಡು ಟಾಚಣಿ ಹಾಕಿ ನಿಲ್ಲಿಸಿ, ಅಂಚಿನ ಪಕ್ಕದಲ್ಲೇ, ಒಂದು ಗೋಧಿ ಕಾಳಿನಷ್ಟು ಒಳಗೆ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಾ ಬಲದಿಂದ ಎಡಕ್ಕೆ ಸಾದಾ ಓಟದ ಹೊಲಿಗೆ ಹಾಕಿ. ಸೂಜಿ ಎಲ್ಲ ಪದರ ದಾಟಿ ಕೆಳಗೆ ಬರಲೇಬೇಕು. ಒಂದು ಇಂಚಿಗೆ ನಾಲ್ಕು ಹೊಲಿಗೆ ಬಂದರೆ ಸಾಕು. ಎಲ್ಲವೂ ಅಳೆದ ಹಾಗೆ ಇರಬೇಕಿಲ್ಲ, ಆದರೆ ದಾರ ಎಳೆಯುವ ಬಿಗಿ ಮಾತ್ರ ಒಂದೇ ಥರ ಇರಲಿ. ಜಾಸ್ತಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ಎಂಟು ಹತ್ತು ಹೊಲಿಗೆ ಹಾಕಿದ ಮೇಲೆ ಬೆರಳಿಂದ ಬಟ್ಟೆಯನ್ನು ಒಮ್ಮೆ ಸವರಿ ಸರಿ ಮಾಡಿ. ಶುರುವಿನ ಗಂಟನ್ನು ಎರಡು ಪದರದ ನಡುವೆ ಅಡಗಿಸಿ. ದಾರ ಮುಗಿದಾಗ ಗಂಟು ಹಾಕುವ ಬದಲು ಅದೇ ಜಾಗದಲ್ಲಿ ಹಿಂದಕ್ಕೆ ಎರಡು ಸಣ್ಣ ಹೊಲಿಗೆ ಹಾಕಿ, ದಾರವನ್ನು ಪದರದೊಳಗೆ ಒಂದು ಇಂಚು ಓಡಿಸಿ ಕತ್ತರಿಸಿ.

ಎಡಮೂಲೆಗೆ ಬಂದಾಗ ಆ ತುಂಡಿಗೆ ಮೂರು ಬದಿ ಮಡಚಬೇಕು: ಕೆಳಗಿನದ್ದು, ಹೊರಗಿನದ್ದು, ಮತ್ತೆ ಹಿಂದಿನ ತುಂಡನ್ನು ಮುಚ್ಚುವುದು. ಆಮೇಲೆ ಕೌದಿಯನ್ನೇ ತಿರುಗಿಸಿಕೊಳ್ಳಿ, ನೀವು ತಿರುಗಬೇಡಿ. ಹೊಸ ಬದಿ ನಿಮ್ಮ ಹತ್ತಿರ ಬರಬೇಕು, ಹೊಲಿಗೆ ಯಾವಾಗಲೂ ಬಲದಿಂದ ಎಡಕ್ಕೇ ಹೋಗಬೇಕು. ನಾಲ್ಕೂ ಬದಿ ಸುತ್ತಿ ಮತ್ತೆ ಮೊದಲ ತುಂಡಿನ ಹತ್ತಿರ ಬಂದಾಗ, ಸುತ್ತಿನ ಕೊನೆಯ ತುಂಡಿಗೂ ಮೂರು ಬದಿ ಮಡಚಿ. ಅದು ಒಂದು ಕಡೆ ಹಿಂದಿನ ತುಂಡನ್ನೂ, ಇನ್ನೊಂದು ಕಡೆ ನಾವು ಶುರುವಿನಲ್ಲಿ ಹಾಗೇ ಬಿಟ್ಟಿದ್ದ ಮೊದಲ ತುಂಡಿನ ಬದಿಯನ್ನೂ ಮುಚ್ಚುತ್ತದೆ. ಈ ಒಂದು ಜಾಗ ಓದುವಾಗ ಗೊಂದಲ ಅನಿಸಬಹುದು. ಹೊಲಿಯುವ ಮೊದಲು ಕಾಗದದ ತುಂಡುಗಳನ್ನು ಇಟ್ಟು ಒಂದು ಸುತ್ತು ಆಡಿಸಿ ನೋಡಿ, ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಮೊದಲ ಸುತ್ತಿನ ತುಂಡುಗಳ ಮೇಲೆ ಅರ್ಧ ಇಂಚಿಗೆ ಒಂದರಂತೆ ಹೊಲಿಗೆ ಸಾಲು ಹಾಕುತ್ತಾ ಒಳಗೆ ಬನ್ನಿ. ತುಂಡಿನ ಒಳ ಅಂಚು ಇನ್ನೂ ಮುಕ್ಕಾಲು ಇಂಚು ಇರುವಾಗ ನಿಲ್ಲಿಸಿ. ಎರಡನೇ ಸುತ್ತಿನ ತುಂಡುಗಳನ್ನು, ಅವುಗಳ ಹೊರ ಅಂಚು ಮಡಚಿ, ಮೊದಲ ಸುತ್ತಿನ ಮೇಲೆ ಅರ್ಧ ಇಂಚು ಬರುವಂತೆ ಇಟ್ಟು ಅದೇ ಕೆಲಸ ಮುಂದುವರಿಸಿ. ಈ ಅಳತೆಗೆ ಎರಡು ಸುತ್ತು ಮುಗಿದಾಗ ನಡುವೆ, ಮೇಲಿನಿಂದ ಮುಚ್ಚಬೇಕಾದ ಅರ್ಧರ್ಧ ಇಂಚೂ ಸೇರಿ, ಹೆಚ್ಚುಕಮ್ಮಿ ಎರಡು ಇಂಚು ಅಗಲ, ಐದು ಇಂಚು ಉದ್ದದ ಜಾಗ ಉಳಿಯುತ್ತದೆ. ತುಂಡುಗಳ ನಡುವಿನ ಮಡಿಕೆ ಕೆಲವು ಕಡೆ ಸಾಲು ಸಾಲಿನ ಮಧ್ಯೆ ಬಾಯಿ ಬಿಡುತ್ತದೆ, ಮಕ್ಕಳ ಬೆರಳು ಅಲ್ಲೇ ಹೋಗುತ್ತದೆ. ಅಂಥ ಕಡೆ ಅದೇ ಬಣ್ಣದ ದಾರದಲ್ಲಿ ಕಾಣದ ಹಾಗೆ ಎರಡು ಮೂರು ಟಾಕೆ ಹಾಕಿಬಿಡಿ.

ಲೆಕ್ಕ ಹಾಕಿದೆ: ಅರ್ಧ ಇಂಚಿಗೆ ಒಂದು ಸಾಲು ಅಂದರೆ ಈ ಪುಟ್ಟ ಕೌದಿಯಲ್ಲಿ 12 ಸುತ್ತು, ಎಲ್ಲ ಸೇರಿ ಸುಮಾರು 10 ಮೀಟರ್ ಹೊಲಿಗೆ. ಇಷ್ಟು ಸಣ್ಣದಕ್ಕೇ ಇಷ್ಟಾದರೆ, ಮನೆ ಮನೆಗೆ ಬಂದು ದೊಡ್ಡ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳ ಕೈ ಎಷ್ಟು ದಣಿಯುತ್ತದೆ ಅಂತ ನನಗೆ ಹೊಳೆದದ್ದು ಆವಾಗಲೇ. ಅವರ ಹತ್ತಿರ ಚೌಕಾಸಿ ಮಾಡುವುದನ್ನು ನಾನು ಬಿಟ್ಟೆ.

ಬಣ್ಣದ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಗಾಢ ಬಣ್ಣದ ಪಕ್ಕ ತಿಳಿ ಬಣ್ಣ ಇಡಿ. ಹೂವಿನ ಬಟ್ಟೆಯ ಪಕ್ಕ ಸಾದಾ ಅಥವಾ ಗೆರೆಯ ಬಟ್ಟೆ ಇಡಿ. ಉಳಿದದ್ದನ್ನು ಮಗುವಿಗೇ ಬಿಡಿ, ನನ್ನ ಮಗಳು ಹಸಿರು ಖಣದ ಪಕ್ಕ ಕಿತ್ತಳೆ ಚೌಕಳಿ ಇಟ್ಟಾಗ ನನಗೆ ಬೇಡ ಅನಿಸಿತ್ತು, ಈಗ ಇಡೀ ಕೌದಿಯಲ್ಲಿ ಕಣ್ಣು ಹೋಗುವುದೇ ಅಲ್ಲಿಗೆ.

ನಡುವಿನ ತುಂಡು

ಕೊನೆಯ ತುಂಡನ್ನು ಎರಡೂವರೆಗೆ ಐದೂವರೆ ಇಂಚು ಕತ್ತರಿಸಿ. ಕತ್ತರಿಸುವ ಮೊದಲು ಉಳಿದ ಜಾಗ ಮತ್ತೊಮ್ಮೆ ಅಳೆಯಿರಿ, ಕೈಹೊಲಿಗೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಿಯೇ ಇರುತ್ತದೆ. ನಾಲ್ಕೂ ಬದಿ ಮಡಚಿ ಇಸ್ತ್ರಿ ಒತ್ತಿ, ಜಾಗಕ್ಕೆ ಕೂರಿಸಿ. ನಮ್ಮ ಆಯಿ ಕೌದಿಯ ಹೊಟ್ಟೆ ಖಾಲಿ ಇರಬಾರದು ಅನ್ನುತ್ತಿದ್ದರು, ಮುಚ್ಚುವ ಮೊದಲು ಏನಾದರೂ ಒಳಗೆ ಇಡುತ್ತಿದ್ದರು. ತಿನ್ನುವ ಪದಾರ್ಥ ಇಟ್ಟರೆ ಇರುವೆ ಬರುತ್ತವೆ. ಅದಕ್ಕೇ ನಾನು ಮಗಳ ಮೊದಲ ಕುಂಚಿಗೆಯ (ಕೂಸಿನ ತಲೆಗೆ ಕಟ್ಟುವ ಟೊಪ್ಪಿಗೆಯ) ಒಂದು ಸಣ್ಣ ಚೂರು ಇಟ್ಟು ಮುಚ್ಚಿದೆ. ಅದು ಅಲ್ಲಿದೆ ಅಂತ ಅವಳಿಗೆ ಗೊತ್ತು, ಬಂದವರಿಗೆಲ್ಲ ಆ ಜಾಗ ಮುಟ್ಟಿಸಿ ತೋರಿಸುತ್ತಾಳೆ.

ಸುತ್ತಲೂ ಹೊಲಿದು, ಒಳಗೂ ಅರ್ಧ ಇಂಚಿಗೊಂದು ಸಾಲು ಹಾಕಿ ಮುಗಿಸಿ. ಕಚ್ಚಾ ಹೊಲಿಗೆಯ ದಾರ ಕಿತ್ತುಹಾಕಿ. ಟಾಚಣಿ ಶುರುವಿನಲ್ಲಿ ಎಷ್ಟು ತಗೊಂಡಿದ್ದಿರೋ ಅಷ್ಟೂ ಡಬ್ಬಿಗೆ ಬಂದಿವೆಯಾ ಎಣಿಸಿ, ಇದು ಮಕ್ಕಳ ಸಾಮಾನು. ಲಂಬಾಣಿ ಕಸೂತಿಯ ಹಾಗೆ ಕನ್ನಡಿ, ಕವಡೆ, ಮಣಿ ಹಚ್ಚಬೇಕು ಅಂತ ಆಸೆಯಾಗುತ್ತದೆ, ನಿಜ. ಮೂರು ವರ್ಷದೊಳಗಿನ ಮಗು ಇದ್ದರೆ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಒಗೆಯುವಾಗ ತಣ್ಣೀರು, ಮೆತ್ತಗಿನ ಸೋಪು, ಕೈಯಲ್ಲೇ. ಹಿಂಡಬೇಡಿ, ಟವಲಿನಲ್ಲಿ ಸುತ್ತಿ ಒತ್ತಿ. ನಮ್ಮ ಊರಿನ ಬಿಸಿಲು ಬಣ್ಣ ತಿನ್ನುತ್ತದೆ, ಉಲ್ಟಾ ಮಾಡಿ ನೆರಳಲ್ಲಿ ಒಣಗಿಸಿ. ಮೊದಲ ಸಲ ಒಗೆದಾಗ ಹೊಲಿಗೆಯ ಸುತ್ತ ಸಣ್ಣ ಸಣ್ಣ ಅಲೆ ಏಳುತ್ತವೆ. ಅದನ್ನು ಇಸ್ತ್ರಿ ಮಾಡಿ ಅಳಿಸಬೇಡಿ, ಕೌದಿಯ ಚೆಂದ ಇರುವುದೇ ಅದರಲ್ಲಿ.

ಮಶೀನ್ ಇದ್ದು, ಸಮಯ ಇಲ್ಲದಿದ್ದರೆ

ಮೂರೂವರೆ ಇಂಚಿನ 20 ಚೌಕ ಕತ್ತರಿಸಿ. ಕಾಲು ಇಂಚು ಬಿಟ್ಟು ನಾಲ್ಕು ನಾಲ್ಕರಂತೆ ಐದು ಸಾಲು ಹೊಲಿದು, ಸಾಲುಗಳನ್ನು ಜೋಡಿಸಿ. ಹನ್ನೆರಡೂವರೆಗೆ ಹದಿನೈದೂವರೆ ಇಂಚಿನ ಹಾಳೆ ಬರುತ್ತದೆ. ಅದೇ ಅಳತೆಯ ಧೋತರ ಕೆಳಗೆ, ಅದರ ಮೇಲೆ ಹಿಂಬದಿಯ ಬಟ್ಟೆ ಸುಲ್ಟಾ ಹಾಸಿ, ಅದರ ಮೇಲೆ ಚೌಕಗಳ ಹಾಳೆ ಉಲ್ಟಾ ಇಟ್ಟು, ಒಂದು ಬದಿಯಲ್ಲಿ ಮೂರು ಇಂಚು ಬಾಯಿ ಬಿಟ್ಟು ಸುತ್ತಲೂ ಹೊಲಿಯಿರಿ. ಮೂಲೆ ಕತ್ತರಿಸಿ, ಬಾಯಿಯಿಂದ ತಿರುವಿ, ಬಾಯಿಯನ್ನು ಕೈಯಲ್ಲಿ ಮುಚ್ಚಿ, ಚೌಕಗಳ ಗೆರೆಯ ಮೇಲೆ ಒಂದು ಹೊಲಿಗೆ ಹಾಕಿದರೆ ಒಂದೇ ಮಧ್ಯಾಹ್ನದ ಕೆಲಸ.

ಎರಡರಲ್ಲಿ ಯಾವುದನ್ನೇ ಮಾಡಿ, ಕೊನೆಗೆ ಒಂದು ಹಿಡಿ ಚೂರು, ದಾರದ ತುದಿ ಉಳಿದೇ ಉಳಿಯುತ್ತದೆ. ನಾಲ್ಕಕ್ಕೆ ಮೂರು ಇಂಚಿನ ಸಣ್ಣ ಚೀಲ ಹೊಲಿದು ಅವನ್ನೆಲ್ಲ ಅದರೊಳಗೆ ತುಂಬಿ ಬಾಯಿ ಮುಚ್ಚಿ. ಗೊಂಬೆಗೆ ತಲೆದಿಂಬೂ ಆಯಿತು.